ಅಗುಳು ಹಚ್ಚಿದ ಮಡಿಕೆಗಳು

ನಾವು ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುವ ಕಾಲಕ್ಕೆ ಕಂಪ್ಯೂಟರು ಇದ್ದದ್ದು ಬೆಂಗಳೂರಿನಲ್ಲಿ. ನಾವ್ಯಾರೂ ಅದನ್ನು ಕಂಡಿರಲಿಲ್ಲ. ಆದರೂ ಅದು ಹೇಗೆ ಗುರುಗುಟ್ಟಬಹುದೆಂದು ನಾನು ಹಾಸ್ಟೆಲ್ಲಿನಲ್ಲಿ ಮಾಡಿ ತೋರಿಸುತ್ತಿದ್ದೆ. ಮೇಷ್ಟ್ರ ಕೆಮ್ಮು, ಯಲಿಯೂರು ರೈಲ್ವೆ ಗೇಟಿನವನ ಬೈಗುಳ, ಕೊನೆಗೆ ನನ್ನದೇ ಗೊರಕೆ. ನನ್ನ ಬಾಯಿಂದ ಯಾರಿಗೂ ಬಿಡುಗಡೆ ಇರಲಿಲ್ಲ.

ಕೊನೆ ವರ್ಷದ ಪ್ರಾಜೆಕ್ಟಿಗೆ ಮಳವಳ್ಳಿ ಕಡೆಯ ಹುಡುಗನೊಬ್ಬ ನನಗೆ ಜೋಡಿ. ಅವನಿಗೆ ಇದು ಕಡೆಯ ಅವಕಾಶ. ಈ ಸಲ ದಾಟದಿದ್ದರೆ ಡಿಗ್ರಿಯೇ ಇಲ್ಲ, ಸೀದಾ ಸೋದರಮಾವನ ಅಕ್ಕಿ ಗಿರಣಿ. ನನಗೆ ಇನ್ನೊಮ್ಮೆ ಕೂರಲು ಅವಕಾಶವಿತ್ತು, ಹಾಗಾಗಿ ನಗುವೂ ಇತ್ತು.

ನಾಲೆಯ ನೀರು ಕೊನೆಯ ತೂಬಿಗೆ ಎಷ್ಟು ಮುಟ್ಟುತ್ತದೆಂದು ಲೆಕ್ಕ ಹಾಕುವ ಪ್ರೋಗ್ರಾಮು ನಮ್ಮದು. ಹಾಳೆಯ ಮೇಲೆ ಬರೆದು ಕಳಿಸಿದರೆ, ಬೆಂಗಳೂರಿನಲ್ಲಿ ಒಬ್ಬಾಕೆ ಅದನ್ನು ನೋಡಿಕೊಂಡು, ಸಾಲಿಗೊಂದರಂತೆ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯುತ್ತಿದ್ದರು. ಆ ತೂತುಗಳನ್ನು ಯಂತ್ರ ಓದುತ್ತಿತ್ತು. ಬರೆಯುತ್ತ ಬರೆಯುತ್ತ ಪ್ರೋಗ್ರಾಮು ಎಷ್ಟು ಬೆಳೆಯಿತೆಂದರೆ, ತಿದ್ದಲು ಕೂತ ಮೇಷ್ಟ್ರು ನಡುದಾರಿಯಲ್ಲೇ ಕಳೆದುಹೋದರು.

“ಏನ್ರಯ್ಯಾ ಇದು, ತಲೆ ಎಲ್ಲಿ, ಬಾಲ ಎಲ್ಲಿ? ಒಂದು ನೋಟಕ್ಕೆ ಕಾಣೋ ಹಾಗೆ ಮಾಡ್ಕೊಂಡು ಬನ್ನಿ.”

ಮಡಿಸುವ ಉಪಾಯ ನನ್ನ ಜೋಡಿಯದು. ನಾಲೆಯ ಹಾಳೆಗೆ ಉಪನಾಲೆಯ ಸಾಲುಗಳಿದ್ದ ಚೀಟಿಯನ್ನು ಅಂಚಿನಲ್ಲಿ ಅಂಟಿಸಿದ. ಆ ಚೀಟಿಗೆ ತೂಬಿನದೊಂದು ಚೀಟಿ. ಮಡಿಸಿದರೆ ಚೀಟಿಯ ಬೆನ್ನ ಮೇಲೆ ಬರೆದ ಶೀರ್ಷಿಕೆಯಷ್ಟೇ ಕಾಣುತ್ತದೆ. ಬಿಚ್ಚಿದರೆ ಒಳಗಿನದು, ಅದರೊಳಗೆ ಇನ್ನೊಂದು. ಮೇಷ್ಟ್ರು ಬಿಚ್ಚಿ, ಮುಚ್ಚಿ, ಮತ್ತೆ ಬಿಚ್ಚಿ, “ಭೇಷ್” ಅಂದರು.

ರೈಲಿನಲ್ಲಿ ಚೀಟಿಗಳು ಹರಿದಾವೆಂದು, ಕಳಿಸುವ ಮುಂಚೆ ಅವನು ಎಲ್ಲ ಮಡಿಕೆಗಳನ್ನೂ ಮುಚ್ಚಿ ಒಂದೊಂದು ಅನ್ನದ ಅಗುಳು ತಿಕ್ಕಿ ಭದ್ರ ಮಾಡಿದ. ಲಕೋಟೆ ಅಂಟಿಸುವುದೂ ನಾವು ಹಾಗೆಯೇ.

“ನಮ್ ಹಾಸ್ಟೆಲ್ ಅನ್ನ ಕಣ್ಲಾ, ಬುಡಾಕಿಲ್ಲ. ತಿಂದು ತಿಂದು ನನ್ ಕರುಳೇ ಅಂಟ್ಕಂಡದೆ” ಅಂದೆ.

ಪೊಟ್ಟಣ ವಾಪಸು ಬಂದದ್ದು ವೈವಾದ ಹಿಂದಿನ ದಿನ. ಅಚ್ಚಾದ ಹಾಳೆಯಲ್ಲಿ ಪ್ರತಿ ತೂಬಿಗೂ ಸೊನ್ನೆ.

“ನಿಮ್ಮೂರ್ಗೆ ನೀರು ಬರಾಕಿಲ್ಲ ಅಂತ ಕಂಪ್ಯೂಟ್ರುಗೂ ಗೊತ್ತಾಗೋಗದೆ ಕಣ್ಲಾ!”

ಅವನು ನಗಲಿಲ್ಲ. ನಾವು ಕಳಿಸಿದ ಹಾಳೆಗಳನ್ನು ತಿರುವಿ ನೋಡುತ್ತಿದ್ದ.

“ಬಿಚ್ಚೇ ಇಲ್ಲ ಕಣ್ಲಾ.”

ಮಡಿಕೆಗಳೆಲ್ಲ ಅಂಟಿಕೊಂಡೇ ಇದ್ದವು. ಆಕೆ ಕಣ್ಣಿಗೆ ಕಂಡಷ್ಟನ್ನು ತಪ್ಪಿಲ್ಲದೆ ತೂತು ಹೊಡೆದಿದ್ದರು. ಕಂಡದ್ದು ಹೊರಗಿನ ಸಾಲುಗಳು ಮತ್ತು ಶೀರ್ಷಿಕೆಗಳು; ಶೀರ್ಷಿಕೆಗಳು ಓದುವ ಮನುಷ್ಯರಿಗಾಗಿ ಬರೆದವು, ಯಂತ್ರ ಅವನ್ನು ಹಾರಿಸಿಕೊಂಡು ಹೋಗುತ್ತದೆ. ಹೊರಗಿನ ಸಾಲುಗಳಲ್ಲಿ ಮೊದಲಿಗೆ ಎಲ್ಲ ತೂಬಿಗೂ ಸೊನ್ನೆ ಇಟ್ಟುಕೊಂಡೇ ಲೆಕ್ಕ ಶುರು ಮಾಡಿದ್ದೆವು. ಆ ಸೊನ್ನೆಗಳೇ ಹಾಗೆಯೇ ಹೊರಬಂದಿದ್ದವು.

“ಆಯಮ್ಮ ಒಂದ್ಸಲ ಉಗುರಾಕಿ ನೋಡ್ಬಾರ್ದಿತ್ತಾ?” ಅಂದೆ.

“ಅಂಟ್ಸಿರೋದ್ನ ಬಿಚ್ಚಬ್ಯಾಡ ಅಂತ ಅವ್ರ ಮನೇಲಿ ಯೋಳ್ಕೊಟ್ಟವ್ರೆ. ಅವ್ರದ್ದೇನ್ ತಪ್ಪು, ಬುಡ್ಲಾ.”

ಮತ್ತೊಮ್ಮೆ ಕಳಿಸಿ ಓಡಿಸಲು ಹೊತ್ತಿರಲಿಲ್ಲ. ಮಾರನೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಸೊನ್ನೆಗಳ ಮೇಲೆ ಬೆರಳಾಡಿಸಿದರು.

“ನೀರೆಲ್ಲಿ ಹೋಯ್ತಪ್ಪಾ?”

“ಒಳಗದೆ ಸಾರ್” ಎಂದು ನನ್ನ ಜೋಡಿ ಒಂದು ಮಡಿಕೆ ಎಬ್ಬಿಸಿದ. ಒಣಗಿದ ಅಗುಳಿನ ಜೊತೆ ಅರ್ಧ ಸಾಲು ಕಿತ್ತುಬಂತು. ಪರೀಕ್ಷಕರು ಉಳಿದದ್ದನ್ನು ತುಂಬ ಹೊತ್ತು ಓದಿದರು.

“ಚೆನ್ನಾಗೇ ಯೋಚನೆ ಮಾಡಿದ್ದೀಯ. ಆದ್ರೆ ಓಡದೇ ಇರೋದಕ್ಕೆ ಹೇಗಪ್ಪಾ ಮಾರ್ಕು ಹಾಕ್ಲಿ?”

ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡರು.

ಇಬ್ಬರೂ ಫೇಲು. ಊರಿಗೆ ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಅವನು ಹಾಳೆಗಳ ಸುರುಳಿಯನ್ನು ನನ್ನ ಕೈಗಿಟ್ಟ.

“ನೀನಾದ್ರೂ ದಾಟ್ಕೊ. ಈ ಸಲ ಮಡಿಸ್ಬ್ಯಾಡ, ಉದ್ದಕ್ಕೆ ಬರ್ದು ಕಳ್ಸು.”

ಏನಾದರೂ ಅಣಕಿಸಿ ಕಳಿಸೋಣವೆಂದು ಬಾಯಿ ತೆರೆದೆ. ಮಳವಳ್ಳಿ ಬಸ್ಸು ಹೊರಟುಬಿಟ್ಟಿತು.

ರೂಮಿಗೆ ಬಂದು ಹೊಸ ಹಾಳೆ ಹಿಡಿದು ಕೂತೆ. ಹೊರಗಿನ ಸಾಲುಗಳು ನಾನೇ ಬರೆದವು, ಸಲೀಸಾಗಿ ಇಳಿದವು. ಒಳಗಿನ ಚೀಟಿಗಳೆಲ್ಲ ಅವನವು, ಎಬ್ಬಿಸಿದಂತೆಲ್ಲ ತೂತು ಬಿದ್ದವು. ಅಳಿದುಳಿದದ್ದನ್ನು ಎಷ್ಟು ಸಲ ಓದಿದರೂ ಉಪನಾಲೆಯಿಂದ ನೀರು ತೂಬಿಗೆ ಹೇಗೆ ತಿರುಗಿತೆಂದು ನನಗೆ ಹೊಳೆಯಲಿಲ್ಲ. ಅವನ ನಡಿಗೆ, ಅವನು ಮುದ್ದೆ ನುಂಗುವ ಸದ್ದು, ಎಲ್ಲವನ್ನೂ ನಾನು ಮಾಡಿ ತೋರಿಸಬಲ್ಲವನಾಗಿದ್ದೆ. ಅವನ ಹಾಗೆ ಆ ಲೆಕ್ಕವನ್ನು ಮಾತ್ರ ಮಾಡಲಾರದೆ ಹೋದೆ.