ಲಗಮವ್ವ ಉತ್ತರ ಬೇಡವೆಂದ ದಿನ

ನಂದಗಡದ ಸಂತೆಯಲ್ಲಿ, ಖಾನಾಪುರದ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಈಗಲೂ ಈ ಕತೆ ಹೇಳಿ ನಗುತ್ತಾರೆ. 1988ರ ಮಳೆಗಾಲದಲ್ಲಿ ಜಿಲ್ಲಾ ಪರಿಷತ್ತಿನ ಸಭೆ ಇತ್ತಂತೆ. ಲಗಮವ್ವನ ಪ್ರಶ್ನೆಯ ಸರದಿ ಬಂತಂತೆ. ಆಕೆ ಎದ್ದು ನಿಂತು, ಎದುರಿಗೆ ಕೂತಿದ್ದ ಸಾಹೇಬರನ್ನು ನೋಡಿ ನಾಲಿಗೆ ಒಣಗಿ, ‘ನಂಗ ಉತ್ತರ ಬ್ಯಾಡ್ರಿ’ ಅಂದು ಕೂತುಬಿಟ್ಟಳಂತೆ. ‘ಕುರಿ ಕಾಯೋರ್ನ ಕುರ್ಚಿ ಮ್ಯಾಲ ಕುಂದ್ರಿಸಿದ್ರ ಹಿಂಗ ಆಗತೈತಿ ನೋಡ್ರಿ’ ಎಂಬಲ್ಲಿಗೆ ಕತೆ ಮುಗಿಯುತ್ತದೆ.

ಇದನ್ನು ಹೇಳುವವರಲ್ಲಿ ಒಬ್ಬರೂ ಆ ದಿನ ಸಭೆಯಲ್ಲಿರಲಿಲ್ಲ. ನಾನಿದ್ದೆ. ಆ ಪ್ರಶ್ನೆ ಬರೆದುಕೊಟ್ಟವಳೂ ನಾನೇ. ಆಕೆ ಉತ್ತರ ಬೇಡವೆಂದದ್ದು ನಿಜ. ನಾಲಿಗೆ ಒಣಗಿತ್ತು ಎಂಬುದು ಮಾತ್ರ ಶುದ್ಧ ಸುಳ್ಳು.

ನಾನಾಗ ಬೆಳಗಾವಿಯಲ್ಲಿ ಕಾನೂನು ಓದುತ್ತ ಹಿಂದವಾಡಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ನಾಲ್ಕಾರು ಕಪ್ಪು ಗೆದ್ದಿದ್ದೆ. ಅತ್ತೆ ಅವುಗಳಲ್ಲಿ ಸಾಸಿವೆ, ಜೀರಿಗೆ ಹಾಕಿಟ್ಟಿದ್ದಳು. ಯಾರು ಏನು ಹೇಳಿದರೂ ‘ಅದಕ್ಕ ಪುರಾವೆ ಏನು?’ ಎಂದು ಕೇಳುವುದು ನನ್ನ ಚಟ. ಅದಕ್ಕೇ ಏನೋ, ಲಗಮವ್ವ ನನ್ನನ್ನು ಹುಡುಕಿಕೊಂಡು ಬಂದಳು.

ನಂದಗಡದಿಂದ ಎರಡು ಹಳ್ಳ ದಾಟಿದರೆ ನಮ್ಮ ಊರು. ನಮ್ಮದು ಲಿಂಗಾಯತರ ಓಣಿ, ಆಕೆಯದು ಪಕ್ಕದ ಕುರುಬರ ಓಣಿ. ಚಿಕ್ಕಂದಿನಿಂದ ಆಕೆಯನ್ನು ಚಿಗವ್ವ ಎಂದೇ ಕರೆದವಳು ನಾನು. ಹೆಂಗಸರಿಗೆ ಮೀಸಲಾದ ಜಾಗದಲ್ಲಿ ಗೆದ್ದು ಆಕೆ ಜಿಲ್ಲಾ ಪರಿಷತ್ತಿನ ಸದಸ್ಯೆಯಾಗಿದ್ದಳು. ಅಧಿಕಾರ ಜಿಲ್ಲೆಗೇ ಬಂತು, ಇನ್ನು ಅರ್ಜಿ ಹಿಡಿದು ಬೆಂಗಳೂರಿಗೆ ಹೋಗುವುದು ಬೇಡ ಎಂದು ಎಲ್ಲರೂ ಭಾಷಣ ಮಾಡುತ್ತಿದ್ದ ಕಾಲ ಅದು. ಸಾಲಿ, ಬಾವಿ, ದವಾಖಾನೆ ಎಲ್ಲ ಪರಿಷತ್ತಿನ ಕೈಗೆ ಬಂದಿದ್ದವು. ಆದರೆ ನಮ್ಮ ಊರಿನ ಆರೋಗ್ಯ ಉಪಕೇಂದ್ರಕ್ಕೆ ಒಂದೂವರೆ ವರ್ಷದಿಂದ ಬೀಗ. ನರ್ಸಬಾಯಿ ಇಲ್ಲ. ಹಿಂದಿನ ವರ್ಷ ನಮ್ಮ ಓಣಿಯ ಒಬ್ಬ ಸೊಸೆ ಹೆರಿಗೆ ನೋವಿನಲ್ಲಿ ನಂದಗಡದ ಹಾದಿಯಲ್ಲಿ ಚಕ್ಕಡಿಯಲ್ಲೇ ತೀರಿಕೊಂಡಿದ್ದಳು. ಈಗ ಲಗಮವ್ವನ ಮಗಳು ಕಸ್ತೂರಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಏಳು ತಿಂಗಳು ತುಂಬಿತ್ತು.

“ಪ್ರಶ್ನಿ ಬರಕೊಡ, ಸುವರ್ಣಾ. ತಪ್ಪಿಸ್ಕೊಳ್ಳಾಕ ಸಂದಿ ಇರಬಾರ್ದು” ಎಂದಳು ಚಿಗವ್ವ.

ಬರೆದೆ. ಮೂರು ಭಾಗದ ಪ್ರಶ್ನೆ. ಉಪಕೇಂದ್ರದಲ್ಲಿ ನರ್ಸ್ ಇದ್ದಾರೆಯೇ? ಇಲ್ಲದಿದ್ದರೆ ಕಾರಣವೇನು? ಯಾವ ದಿನಾಂಕದೊಳಗೆ ನೇಮಿಸುತ್ತೀರಿ? ಇದಕ್ಕಿಂತ ಬಿಗಿಯಾದ ಪ್ರಶ್ನೆ ಇಡೀ ಜಿಲ್ಲೆಯಲ್ಲಿ ಯಾರೂ ಬರೆದಿರಲಿಕ್ಕಿಲ್ಲ ಎಂದುಕೊಂಡೆ. ಆಮೇಲೆ ಆಕೆಗೆ ತಾಲೀಮು ಶುರುಮಾಡಿದೆ. ನಾನು ಸಾಹೇಬ, ಆಕೆ ಮೆಂಬರ್.

“ಸಾಹೇಬ್ರ, ನಮ್ಮ ನರ್ಸಬಾಯಿ ಎಲ್ಲಿ ಅದಾಳ್ರಿ?”

“ವಿಷಯ ಪರಿಶೀಲನೆಯಲ್ಲಿದೆ.”

“ಹಂಗಂದ್ರೇನ?”

“ಹಂಗ ಕೇಳಬಾರ್ದು ಚಿಗವ್ವಾ. ಪರಿಶೀಲನಾ ಯಾವತ್ತ ಮುಗೀತೈತಿ ಅಂತ ಕೇಳಬೇಕು.”

“ಯವ್ವಾ, ಕುರಿ ಕಳದ್ರ ಹುಡುಕಾಕ ಹೋಗ್ತೀವಿ. ಪರಿಶೀಲನಾ ಮಾಡ್ಕೋತ ಕುಂದರಂಗಿಲ್ಲ.”

ಒಳಗಿಂದ ಅತ್ತೆ ಜೋರಾಗಿ ನಕ್ಕಳು. ಬೇಡ ಎಂದರೂ ಲಗಮವ್ವ ಹೋಗುವಾಗ ಕುರಿತುಪ್ಪಳದ ಸಣ್ಣ ಕಂಬಳಿಯೊಂದನ್ನು ನನ್ನ ಹಾಸಿಗೆಯ ಮೇಲೆ ಇಟ್ಟು ಹೋದಳು. ಪ್ರಶ್ನೆ ಪರಿಷತ್ತಿನ ಕಚೇರಿಗೆ ಹೋಯಿತು, ಸಭೆಯ ಪಟ್ಟಿಯಲ್ಲೂ ಸೇರಿತು. ನನಗೆ ಪರೀಕ್ಷೆ ಇದ್ದುದರಿಂದ ಮುಂದೆ ಊರಿನ ಸುದ್ದಿ ತಿಳಿಯಲಿಲ್ಲ.

ಸಭೆಯ ದಿನ ಪ್ರೇಕ್ಷಕರ ಬೆಂಚಿನಲ್ಲಿ ಎಲ್ಲರಿಗಿಂತ ಮೊದಲು ಹೋಗಿ ಕೂತೆ. ಲಗಮವ್ವ ಹಸಿರು ಇಳಕಲ್ ಸೀರೆಯುಟ್ಟು ಮೂರನೆಯ ಸಾಲಿನಲ್ಲಿದ್ದಳು. ಆಕೆಯ ಪ್ರಶ್ನೆಯ ಸಂಖ್ಯೆ ಕರೆದರು. ಆರೋಗ್ಯ ಖಾತೆಯ ಸಾಹೇಬರು ಉತ್ತರದ ಹಾಳೆ ಹಿಡಿದು ಎದ್ದರು. ಅವರು ಬಾಯಿ ತೆರೆಯುವ ಮೊದಲೇ ಲಗಮವ್ವ ಎದ್ದಳು.

“ನಂಗ ಉತ್ತರ ಈಗ ಬ್ಯಾಡ್ರಿ. ಮುಂದಿನ ಮೀಟಿಂಗಿಗೆ ಇರಲಿ.”

ಸಭೆ ಗೊಳ್ಳೆಂದಿತು. ಹಿಂದಿನ ಸಾಲಿನಿಂದ ಯಾರೋ, “ಬರಕೊಂಡ ಬಂದ ಚೀಟಿ ಮನ್ಯಾಗ ಮರ್ತು ಬಂದ್ರೇನ್ರಿ ಅಕ್ಕಾರ?” ಎಂದರು. ಅಧ್ಯಕ್ಷರು ನಗು ತಡೆದು, “ಪ್ರಶ್ನಿ ಹಿಂದ ತಗೋತೀರೇನ್ರಿ?” ಎಂದು ಕೇಳಿದರು.

“ಇಲ್ರಿ. ಹಿಂದ ತಗೊಳ್ಳಂಗಿಲ್ಲ. ಹಂಗ ಇರಲಿ.”

“ಉತ್ತರ ಸಿದ್ಧ ಐತ್ರಿ” ಎಂದರು ಸಾಹೇಬರು. ನಗದೇ ಇದ್ದವರು ಅವರೊಬ್ಬರೇ. ಅದು ಯಾಕೆಂದು ಆಗ ನನಗೆ ಹೊಳೆಯಲಿಲ್ಲ.

“ಸಿದ್ಧ ಇದ್ರ ಎಲ್ಲಿ ಹೊಕ್ಕೈತ್ರಿ? ನಿಮ್ಮ ಕೈಯಾಗ ಇರಲಿ” ಎಂದು ಲಗಮವ್ವ ಸೆರಗು ಸರಿಮಾಡಿಕೊಂಡು ಕೂತಳು.

ನನಗೆ ಸಿಟ್ಟು ನೆತ್ತಿಗೇರಿತ್ತು. ಬಸ್ ಸ್ಟ್ಯಾಂಡಿನ ಹಾದಿಯುದ್ದಕ್ಕೂ ಜಗಳ ತೆಗೆದೆ. “ನೀ ಮಾಡಿದ್ದು ಸರೀನ? ಉತ್ತರ ತಗೊಳ್ಳೂದು ಮೆಂಬರ್ ಕೆಲಸ. ಎಲ್ಲಾರೂ ನಕ್ರು. ನನ್ನ ಮಾರಿ ಎಲ್ಲಿ ಇಟ್ಕೊಳ್ಲಿ?”

“ನಿನ್ನ ಮಾರಿ ಎಲ್ಲಿ ಐತೋ ಅಲ್ಲೇ ಇರಲಿ ತಗೋ. ಮೊದಲ ಕೇಳು” ಎಂದು ಆಕೆ ನಿಂತಳು. “ನರ್ಸಬಾಯಿ ಬಂದಾಳ.”

“ಯಾವಾಗ?”

“ನಿನ್ನ ಪ್ರಶ್ನಿ ಆಫೀಸಿಗೆ ಹೋಗಿ ಎಂಟ ದಿನಕ್ಕ. ದವಾಖಾನಿಗೆ ಸುಣ್ಣಾನೂ ಆತು. ಆದ್ರ ಆಕಿ ತಂದದ್ದು ಒಂದ ಚೀಲ. ಇರಾಕ ಬಂದಾಕಿ ಒಂದ ಚೀಲ ತರ್ತಾಳೇನ? ಮನಿಗೆ ಕರದು ರೊಟ್ಟಿ ಹಾಕಿ ಕೇಳಿದೆ. ‘ಪ್ರಶ್ನಿ ಮುಗಿಯೋತನಕ ಇರು, ಮುಗಿದ ಮರುದಿನ ನಿನ್ನ ಜಾಗಾಕ್ಕ ವಾಪಸ್ ಬಾ’ ಅಂತ ಹೇಳಿ ಕಳಿಸ್ಯಾರಂತ. ಹಂಗಾದ್ರ ಪ್ರಶ್ನಿ ಮುಗಿಸಿದ್ರ ಲುಕ್ಸಾನ ಯಾರಿಗೆ? ಅದಕ್ಕ ಮುಗಿಸಲಿಲ್ಲ.”

ನಾನು ಸುಮ್ಮನೆ ಸೋಲಲಿಲ್ಲ. ಇದು ನಿಯಮಕ್ಕೆ ವಿರುದ್ಧ, ಹೀಗೆ ಎಲ್ಲರೂ ಮಾಡಿದರೆ ಸಭೆ ಏಕೆ ಬೇಕು ಎಂದು ವಾದಿಸಿದೆ. ಆಕೆ ಬಸ್ಸಿನ ಮೆಟ್ಟಿಲು ಹತ್ತುತ್ತ ಒಂದೇ ಮಾತು ಹೇಳಿದಳು: “ನಿನಗ ಉತ್ತರ ಬೇಕಾಗೇತಿ ಸುವರ್ಣಾ. ನನಗ ನರ್ಸಬಾಯಿ ಬೇಕಾಗ್ಯಾಳ.”

ಮುಂದಿನ ಸಭೆಗೆ ಎರಡೂವರೆ ತಿಂಗಳಿತ್ತು. ಅಷ್ಟರಲ್ಲಿ ನಮ್ಮ ಊರಿನಲ್ಲಿ ನಾಲ್ಕು ಹೆರಿಗೆಯಾದವು. ಕಸ್ತೂರಿಯದು ಬೆಳಗಿನ ಹೊತ್ತು. ಕೂಸಿನ ಕೊರಳಿಗೆ ಹೊಕ್ಕಳಬಳ್ಳಿ ಸುತ್ತಿಕೊಂಡಿತ್ತಂತೆ. ನರ್ಸಬಾಯಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಊಹಿಸಿ ಹೇಳುವುದಿಲ್ಲ. ಇದ್ದುದರಿಂದ ತಾಯಿ ಮಗು ಇಬ್ಬರೂ ಉಳಿದರು.

ತೊಟ್ಟಿಲಿಗೆ ಹಾಕುವ ದಿನ ನಾನೂ ಊರಿಗೆ ಹೋಗಿದ್ದೆ. ನರ್ಸಬಾಯಿಯನ್ನು ಮೊದಲ ಸಲ ನೋಡಿದ್ದು ಅಲ್ಲೇ. ನಲವತ್ತರ ಆಸುಪಾಸಿನ, ಮರಾಠಿ ಮನೆಮಾತಿನ ಹೆಂಗಸು. ಹೆಂಗಸರೆಲ್ಲ ಆಕೆಗೆ ಉಡಿ ತುಂಬುತ್ತಿದ್ದರು, ಆಕೆಯ ಮುಖದಲ್ಲಿ ಮಾತ್ರ ಖುಷಿ ಇರಲಿಲ್ಲ. ಸುಮ್ಮನಿರುವ ಜಾಯಮಾನ ನನ್ನದಲ್ಲ. ಕೇಳಿಯೇಬಿಟ್ಟೆ: “ಇಲ್ಲಿಗೆ ಬರೂಕಿಂತ ಮೊದಲ ಎಲ್ಲಿದ್ರಿ ಬಾಯಾರ?”

ಕಾಡಿನ ಅಂಚಿನ ಒಂದು ಊರಿನ ಹೆಸರು ಹೇಳಿದಳು. “ಖರೇ ಹೇಳ್ಲೇನ ತಂಗಿ? ಅಲ್ಲಿನೂ ಮೂರು ಮಂದಿ ದಿನ ತುಂಬಿದವ್ರ ಇದ್ರು. ದವಾಖಾನಿಗೆ ನಾನ ಕೀಲಿ ಹಾಕಿ ಬಂದೇನಿ. ಆ ಕಡಿ ಮೆಂಬರ್ ಸಭಾದಾಗ ಎಂದೂ ಬಾಯಿ ತಗದವ್ರಲ್ಲ. ಅದಕ್ಕ ಅಲ್ಲಿಂದ ಎತ್ತಿದ್ರು.”

ಅಂದು ಮಧ್ಯಾಹ್ನ ಲಗಮವ್ವನ ಮುಂದೆ ಇದನ್ನು ಹೇಳಿದೆ. ನ್ಯಾಯ ಅಂದರೆ ಒಂದು ಊರಿನ ಬೀಗ ತೆಗೆದು ಇನ್ನೊಂದು ಊರಿಗೆ ಹಾಕುವುದೇನು ಎಂದು ಕೇಳಿದೆ. ಆಕೆ ಮೊಮ್ಮಗಳ ಕುಂಚಿಗೆ ಕಟ್ಟುತ್ತಿದ್ದಳು. “ಅಲ್ಲಿ ಎಷ್ಟ ಮಂದಿ ಅಂದ್ಲು?” ಎಂದು ಕೇಳಿದಳು. “ಮೂರು” ಎಂದೆ. ಆಕೆ ಕಟ್ಟಿದ ಗಂಟು ಬಿಚ್ಚಿ ಮತ್ತೆ ಕಟ್ಟಿದಳು.

ಮುಂದಿನ ಸಭೆಯಲ್ಲೂ ಆಕೆ ಮುಂದಕ್ಕೆ ಹಾಕಿಸುತ್ತಾಳೆ ಎಂದೇ ಎಲ್ಲರೂ ಕಾಯುತ್ತಿದ್ದರು. ನಗುವುದಕ್ಕೆ ತಯಾರಾಗಿಯೂ ಇದ್ದರು. ಸಂಖ್ಯೆ ಕರೆದಾಗ ಲಗಮವ್ವ, “ಓದ್ರಿ” ಎಂದಳು.

ಸಾಹೇಬರು ಓದಿದರು: “ನರ್ಸ್ ಕಾರ್ಯನಿರ್ವಹಿಸುತ್ತಿದ್ದಾರೆ. ಉಳಿದ ಭಾಗಗಳು ಉದ್ಭವಿಸುವುದಿಲ್ಲ.” ನನ್ನ ಬಿಗಿಯಾದ ಪ್ರಶ್ನೆ ಎರಡು ವಾಕ್ಯದಲ್ಲಿ ಮುಗಿಯಿತು. ‘ಇಲ್ಲದಿದ್ದರೆ’ ಎಂದು ಬರೆದು ತಪ್ಪಿಸಿಕೊಳ್ಳುವ ಸಂದಿಯನ್ನು ನಾನೇ ಕೊಟ್ಟಿದ್ದೆ.

ಲಗಮವ್ವ ಕೂರಲಿಲ್ಲ. “ಅದಾಳ, ಖರೇ. ನನ್ನ ಮಗಳ ಬಾಣಂತನ ಮಾಡ್ಯಾಳ, ಆಕಿ ಕೈಗೆ ಪುಣ್ಯಾ ಬರಲಿ. ಆದ್ರ ಆಕಿನ್ನ ಎಲ್ಲಿಂದ ತಂದ್ರಿ? ಆ ಊರಾಗ ಈಗ ಯಾರ ಅದಾರ್ರಿ?”

ಈ ಸಲ ಯಾರೂ ನಗಲಿಲ್ಲ. ಸಾಹೇಬರು ಹಾಳೆ ತಿರುವಿದರು. “ಇದು ಮೂಲ ಪ್ರಶ್ನಿಗೆ ಸಂಬಂಧಪಟ್ಟಿದ್ದಲ್ರಿ” ಎಂದರು. ಅಧ್ಯಕ್ಷರು ಮುಂದಿನ ಸಂಖ್ಯೆ ಕರೆದರು. ಆ ಪ್ರಶ್ನೆಯವರು ಎದ್ದು ಮಾತು ಶುರುಮಾಡಿದರೂ ಲಗಮವ್ವ ನಿಂತೇ ಇದ್ದಳು. ಪಕ್ಕದವರು ಸೆರಗು ಜಗ್ಗಿ ಕೂರಿಸಬೇಕಾಯಿತು.

ವಾರದೊಳಗೆ ನರ್ಸಬಾಯಿ ತನ್ನ ಹಳೆಯ ಊರಿಗೆ ಹೋದಳು. ನಮ್ಮ ಉಪಕೇಂದ್ರಕ್ಕೆ ಮತ್ತೆ ಬೀಗ ಬಿತ್ತು. ಊರವರು ಲಗಮವ್ವನ ಮೇಲೆ ಕೆಂಡವಾದರು. “ತನ್ನ ಮಗಳದ್ದು ಆತು, ಊರಿನ ನರ್ಸಬಾಯಿನ್ನ ಬಿಟ್ಟಕೊಟ್ಲು” ಎಂದರು. ಮಗಳ ಹೆರಿಗೆ ಆದ ಮೇಲೆಯೇ ಆಕೆ ಆ ಪ್ರಶ್ನೆ ಕೇಳಿದ್ದು ನಿಜ. ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಆದರೆ ಕೇಳಿದರೆ ನರ್ಸಬಾಯಿ ಹೋಗುತ್ತಾಳೆಂದು ಗೊತ್ತಿದ್ದೇ ಕೇಳಿದಳು. ಆ ಸಭೆಯಲ್ಲಿ ತಮಗೆ ನಷ್ಟವಾಗುವ ಪ್ರಶ್ನೆ ಕೇಳಿದವರು ಇನ್ನೊಬ್ಬರಿದ್ದರೆ ತೋರಿಸಿ.

ಎರಡನೆಯ ಸಭೆಯ ಈ ಮಾತನ್ನು ಚಹಾದಂಗಡಿಯವರು ಹೇಳುವುದಿಲ್ಲ. ಹೇಳಿದರೆ ನಗುವಂತಿಲ್ಲವಲ್ಲ. ನನಗಂತೂ ಆ ವರ್ಷ ಒಂದು ಅಹಂಕಾರ ಇಳಿಯಿತು. ಎದುರಾಳಿಯ ಬಾಯಿ ಕಟ್ಟಿದರೆ ಗೆದ್ದಂತೆ ಎಂದು ಕಲಿತವಳು ನಾನು. ಆ ದಿನ ಸಾಹೇಬರ ಬಾಯಿ ಕಟ್ಟಿತು, ನಮ್ಮ ಊರಿಗೆ ಬೀಗ ಬಿತ್ತು. ಅದನ್ನು ಗೆಲುವು ಎನ್ನಲು ಇವತ್ತಿಗೂ ನನಗೆ ನಾಲಿಗೆ ಹೊರಳುವುದಿಲ್ಲ. ಹಾಗೆಂದು ಆಕೆ ಕೇಳಬಾರದಿತ್ತು ಎಂದು ಯಾರಾದರೂ ಅಂದರೆ ಅವರ ಜೊತೆ ಜಗಳಕ್ಕೆ ನಾನು ಸಿದ್ಧ.

ಆಮೇಲೆ ಒಂದೆರಡು ವರ್ಷಕ್ಕೆ ಖಾನಾಪುರದಲ್ಲಿ ಅದೇ ಸಾಹೇಬರು ಸಿಕ್ಕರು. ಡ್ರೈವರ್ ಜೀಪಿನ ಟಾಯರ್ ಬದಲಿಸುತ್ತಿದ್ದ, ಅವರು ಮರದ ಕೆಳಗೆ ನಿಂತಿದ್ದರು. ಹೋಗಿ ಪರಿಚಯ ಹೇಳಿಕೊಂಡೆ. ಸಿಟ್ಟಾಗಲಿಲ್ಲ. ದಣಿದಿದ್ದರು ಅನಿಸುತ್ತದೆ.

“ನೀ ಓದಿದಾಕಿ, ನಿನಗ ತಿಳೀತೈತಿ ತಂಗಿ” ಎಂದರು. “ನರ್ಸಬಾಯಿ ಇರಾಕಿ ಒಬ್ಬಾಕಿ, ಊರು ಎರಡು. ಮಂದೀನ ಕೊಡ್ರಿ ಅಂತ ಬರದು ಬರದು ನನ್ನ ಕೈ ಸೋತಾವು. ಪ್ರಶ್ನಿ ಬಂದ ಕಡಿ ಕಳಸ್ತೀವಿ. ಮತ್ತೇನ ಮಾಡ್ಲಿ?”

ಅವರು ಹೇಳಿದ್ದು ನಿಜವೆಂದೇ ನನಗನಿಸಿತು. ಅದಕ್ಕೇ ಕೇಳಿದೆ:

“ಹಂಗಾದ್ರ ಸಾಹೇಬ್ರ, ಇದ ಮಾತು ಆವತ್ತ ಲಗಮವ್ವ ಎದ್ದ ನಿಂತು ಕೇಳಿದಾಗ ಸಭಾದಾಗ ಯಾಕ ಹೇಳಲಿಲ್ರಿ?”