ಜರ್ಮನ್ ನಟನಿಗೆ ನಾನು ಹೇಳಿದ ನಿಜ

ದುಬೈಗೆ ಬಂದ ಮೊದಲ ದಿನವೇ ಜರ್ಮನ್ ಮುದುಕರೊಬ್ಬರು ನನ್ನನ್ನು ದಿಟ್ಟಿಸಿ, ಅಚ್ಚ ಕನ್ನಡದಲ್ಲಿ ಎಂಬಂತೆ, "ಬಿಟ್ಟೆ" ಎಂದರು. ಬೆಚ್ಚಿಬಿದ್ದೆ. ಶಿರ್ವದ ಮನೆ ಬಿಟ್ಟು ಒಂದು ದಿನವೂ ಆಗಿರಲಿಲ್ಲ.

ಅವರ ಮಗಳು ಕಾರಿನ್ ಮೇಡಂ ನಕ್ಕು ವಿವರಿಸಿದರು. ಅವರ ಭಾಷೆಯಲ್ಲಿ ಅದು 'ದಯವಿಟ್ಟು'. ಸಿನಿಮಾ ಚಿತ್ರೀಕರಣದಲ್ಲಿ ನಟನೆ ಶುರುಮಾಡಲು ಹೇಳುವುದೂ ಅದನ್ನೇ. ಆ ಮುದುಕರು, ಹಾನ್ಸ್ ಸರ್, ಬೇಕರಿಯವನ ಮಗ. ನಾಟಕದಿಂದ ಸಿನಿಮಾಕ್ಕೆ ಹೋಗಿ ಸೈನಿಕ, ಪೊಲೀಸ್, ಕೊಲೆಗಾರ ಎಲ್ಲ ಆಗಿ, ಕೊನೆಗೆ ನಿರ್ಮಾಪಕರೂ ಆದವರು. ಮರೆವಿನ ಕಾಯಿಲೆ ಬಂದ ಮೇಲೆ ಮಗಳು ಅವರನ್ನು ದುಬೈಯ ಸಿಲಿಕಾನ್ ಓಯಸಿಸ್ ಬಡಾವಣೆಯ ತನ್ನ ಫ್ಲ್ಯಾಟಿಗೆ ಕರೆತಂದಿದ್ದರು. ಅವರನ್ನು ನೋಡಿಕೊಳ್ಳುವ ನರ್ಸ್ ನಾನು. ಅರಬ್ಬಿ ಕಲಿಯಬೇಕಾದೀತು ಎಂದು ಬಂದವಳು ಜರ್ಮನ್ ಕಲಿತೆ. ಸೂಪಿನ ಚಮಚ ಎತ್ತಿ "ಬಿಟ್ಟೆ" ಎಂದರೆ ಸರ್ ಬಾಯಿ ತೆರೆಯುತ್ತಿದ್ದರು.

ನಮ್ಮೂರಲ್ಲಿ ಮರೆವಿನವರು ದಾರಿ ತಪ್ಪಿದರೆ ಯಾರಾದರೂ ಮನೆ ಮುಟ್ಟಿಸುತ್ತಾರೆ. ಇಲ್ಲಿ ಎದುರು ಬಾಗಿಲಿನವರ ಹೆಸರೇ ಗೊತ್ತಿಲ್ಲ. ಹಗಲಿಡೀ ನಾವಿಬ್ಬರೇ. ಸರ್ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಪೀಟರ್ ನೀರಿನಿಂದ ಮೇಲೆ ಬಂದನಾ?"

ಪೀಟರ್ ಅವರ ಗೆಳೆಯ, ನಟ. ಸರ್ ನಿರ್ಮಿಸಿದ ಕೊನೆಯ ಸಿನಿಮಾದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಓಡುವ ದೃಶ್ಯವಿತ್ತು. ಮಂಜುಗಡ್ಡೆ ತೆಳುವಾಗಿದೆ, ಬೇಡ ಎಂದನಂತೆ ಪೀಟರ್. ಇನ್ನೊಂದೇ ಸಲ ಎಂದು ಸರ್ ಒತ್ತಾಯಿಸಿದರು. ಮಂಜುಗಡ್ಡೆ ಒಡೆಯಿತು. ಆಮೇಲೆ ಸರ್ ಯಾವ ಸಿನಿಮಾವನ್ನೂ ಮಾಡಲಿಲ್ಲ.

"ಬಂದ ಅಂತ ಹೇಳು," ಎಂದಿದ್ದರು ಮೇಡಂ. ನಾನು ಕಲಿತ ಮೊದಲ ಪೂರ್ತಿ ಜರ್ಮನ್ ವಾಕ್ಯವೇ ಆ ಸುಳ್ಳು. ಎರಡು ವರ್ಷ ಹೇಳಿದೆ.

ಒಂದು ಬೆಳಿಗ್ಗೆ ಗಡ್ಡ ಬೋಳಿಸುತ್ತಿದ್ದಾಗ ಸರ್ ನನ್ನ ಕೈ ಹಿಡಿದು ನಿಲ್ಲಿಸಿದರು. ಕಣ್ಣು ತಿಳಿಯಾಗಿತ್ತು. ಎಂದೋ ಮರೆತಿದ್ದ ಇಂಗ್ಲಿಷಿನಲ್ಲಿ ಕೇಳಿದರು: "ಲವೀನಾ, ಪೀಟರ್ ಸತ್ತಿದ್ದಾನೆ, ಅಲ್ಲವಾ?"

"ಹೌದು ಸರ್."

ಅವರು ಅಳಲಿಲ್ಲ. ಅರ್ಧ ಬೋಳಿಸಿದ ಕೆನ್ನೆಯ ಮೇಲೆ ಸೋಪು ಒಣಗುವವರೆಗೂ ಕೂತಿದ್ದರು. ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ಚಮಚಕ್ಕೆ ಬಾಯಿಯನ್ನೂ ತೆರೆಯಲಿಲ್ಲ. ಆಸ್ಪತ್ರೆಯಲ್ಲಿ ನಳಿಕೆ ಹಾಕಿದರು. ಮೂರನೆಯ ವಾರ ತೀರಿಕೊಂಡರು.

"ಕೊನೆಗೆ ಪೀಟರನನ್ನು ಮರೆತರಾ?" ಎಂದು ಮೇಡಂ ಕೇಳಿದರು.

"ಮರೆತರು," ಎಂದೆ. ಅವರು ನನ್ನನ್ನು ಅಪ್ಪಿಕೊಂಡು ಅತ್ತರು.

ಸರ್ ದೇಹ ಜರ್ಮನಿಗೆ ಹೋಯಿತು. ನನ್ನ ವೀಸಾ ರದ್ದಾಯಿತು. ದುಬೈಯಲ್ಲೇ ಕರಾಮಾ ಎಂಬಲ್ಲಿ ಬೆಡ್‌ಸ್ಪೇಸ್, ಅಂದರೆ ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚ, ಹಿಡಿದೆ. ಪಕ್ಕದ ಮಂಚದ ಉಡುಪಿಯ ಶೋಭಕ್ಕನಿಗೆ ಮಾತ್ರ ಎಲ್ಲ ಹೇಳಿದೆ.

"ಎಂತ ಮಾರಾಯ್ತಿ, ಅಷ್ಟು ಸಲ ಸುಳ್ಳು ಹೇಳಿದವಳಿಗೆ ಇನ್ನೊಂದು ಸಲ ಹೇಳ್ಲಿಕ್ಕೆ ಆಗ್ಲಿಲ್ವಾ?" ಎಂದರು.

ಅಬುಧಾಬಿಯಲ್ಲಿ ಬೇರೆ ಕೆಲಸ ಸಿಕ್ಕಿತು. ಸೇರುವ ಮೊದಲು ಊರಿಗೆ ಹೋದೆ. ಭಾನುವಾರ ಇಗರ್ಜಿಯಲ್ಲಿ ಪಾಪನಿವೇದನೆಗೆ ಮೊಣಕಾಲೂರಿದೆ. ಜಾಲರಿಯ ಆಚೆ ಪಾದ್ರಿಗಳು ಕಾದರು. ಎರಡು ವರ್ಷದ ಸುಳ್ಳನ್ನು ಹೇಳಬೇಕೋ, ಒಂದು ಬೆಳಗಿನ ನಿಜವನ್ನೋ ತಿಳಿಯಲಿಲ್ಲ. ಎದ್ದು ಬಂದೆ.

ಹೊರಗೆ ಅಮ್ಮ ಕೈ ಹಿಡಿದುಕೊಂಡರು. "ಸಾಕು ಮಗಾ, ಇನ್ನು ಇಲ್ಲಿಯೇ ಇರು."

"ಆಯ್ತಮ್ಮ," ಎಂದೆ. ಹೊಸ ವೀಸಾದ ಕಾಗದ ಬ್ಯಾಗಿನಲ್ಲಿತ್ತು.