ಪೆಟ್ಟಿಗೆ ಮಾಡುವವರನ್ನು ಕೇಳಬೇಕು

ಪೀಣ್ಯದ ಸರ್ಕಾರಿ ಯಂತ್ರ ಕಾರ್ಖಾನೆಯಲ್ಲಿ ಶ್ಯಾಮಸುಂದರ ಮೂವತ್ತೆರಡು ವರ್ಷ ಮಾಡಿದ್ದು ಒಂದೇ ಕೆಲಸ: ಯಾವ ಯಂತ್ರ ಯಾವ ದಿನ ಗೇಟು ದಾಟುತ್ತದೆ ಎಂದು ಮೊದಲೇ ಹೇಳುವುದು. ಜ್ಯೋತಿಷಿಗಾದರೆ ದಕ್ಷಿಣೆಯಾದರೂ ಸಿಗುತ್ತದೆ. ಇವರಿಗೆ ಸಿಗುತ್ತಿದ್ದದ್ದು ಬರೀ ಬೈಗುಳ.

ನಿವೃತ್ತರಾದ ಮೇಲೆ ಆ ಪೀಡೆ ಮಗಳು ಸುಕೃತಿಗೆ ಅಂಟಿಕೊಂಡಿತು. ಎಲೆಕ್ಟ್ರಾನಿಕ್ ಸಿಟಿಯ ಅವಳ ಕಂಪನಿ, ಹೇಳಿದ ಕೆಲಸವನ್ನು ತಾನೇ ಮಾಡಿ ಮುಗಿಸುವ ಎಐ ಬ್ರೌಸರ್ ಒಂದನ್ನು ತಂದಿತ್ತು. ಸದ್ಯಕ್ಕೆ ಅದು ಮ್ಯಾಕ್ ಇದ್ದವರಿಗೆ ಮಾತ್ರ. ವಿಂಡೋಸ್‌ಗೆ ಯಾವಾಗ ಬರುತ್ತದೆ ಎಂದು ಸೋಮವಾರ ಅವಳು ಹೇಳಬೇಕಿತ್ತು. ಹಿಂದೊಮ್ಮೆ ಅವಳು ಕೊಟ್ಟ ದಿನಾಂಕ ತಪ್ಪಿತ್ತು. ಇನ್ನೊಮ್ಮೆ ತಪ್ಪಿದರೆ ಕೆಲಸಕ್ಕೇ ಕುತ್ತು.

ಭಾನುವಾರ ಬೆಳಿಗ್ಗೆ ತಟ್ಟೆಯಲ್ಲಿ ದೋಸೆ ಆರುತ್ತಿದ್ದರೂ ಅವಳು ಮುಟ್ಟಲಿಲ್ಲ.

"ಬಾಸ್‌ಗೆ ದೀಪಾವಳಿಗೇ ಬೇಕಂತೆ ಅಪ್ಪಾ. ಇಂಜಿನಿಯರ್‌ಗಳೆಲ್ಲಾ ಆಗೋಯ್ತು, ಆಗೋಯ್ತು ಅಂತಿದ್ದಾರೆ."

"ಅವರು ಯಾವತ್ತೂ ಹಾಗೇ ಅನ್ನೋದು. ನಾನು ಅವರನ್ನ ಕೇಳ್ತಾನೇ ಇರ್ಲಿಲ್ಲ ಕಣೆ. ಪ್ಯಾಕಿಂಗ್‌ನಲ್ಲಿ ಮರದ ಪೆಟ್ಟಿಗೆ ಮಾಡ್ತಿದ್ದ ಚಿಕ್ಕಬೈರಪ್ಪನ್ನ ಕೇಳ್ತಿದ್ದೆ. ಪೆಟ್ಟಿಗೆಗೆ ಯಂತ್ರದ ಅಳತೆ ಅವನ ಕೈಗೆ ಬಂದಿಲ್ಲ ಅಂದ್ರೆ ಯಂತ್ರ ಇನ್ನೂ ಮುಗಿದಿಲ್ಲ ಅಂತಲೇ. ನಿಮ್ಮಲ್ಲಿ ಪೆಟ್ಟಿಗೆ ಮಾಡೋರು ಯಾರು?"

ಸುಕೃತಿ ಯೋಚಿಸಿದಳು. ಆಮೇಲೆ, ಬಳಕೆದಾರರಿಗೆ ಸಹಾಯದ ಪುಟಗಳನ್ನು ಬರೆಯುವ ಸವಿತಾಗೆ ಫೋನ್ ಮಾಡಿದಳು.

"ವಿಂಡೋಸಾ? ನಂಗಿನ್ನೂ ತೋರಿಸೇ ಇಲ್ಲ ಕಣೇ," ಎಂದಳು ಸವಿತಾ. "ದೀಪಾವಳಿಗೆ ಕೈಗೆ ಬಂದ್ರೂ ಬರೆಯೋಕೆ ಇನ್ನೆರಡು ತಿಂಗಳು ಬೇಕು."

ಸುಕೃತಿ ಸಂಕ್ರಾಂತಿ ಎಂದು ಬರೆದುಕೊಟ್ಟಳು. ಬಾಸ್ ಮುಖ ಗಂಟಿಕ್ಕಿದರು. ಇತ್ತ ಶ್ಯಾಮಸುಂದರರ ಜೀವ ಪುಕಪುಕ ಎನ್ನತೊಡಗಿತು. ಮೊದಲೇ ಬಂದರೆ ಸುಮ್ಮನೆ ಹೆದರಿಸಿದಳು ಎನ್ನುತ್ತಾರೆ, ತಡವಾದರೆ ಸುಳ್ಳುಗಾತಿ ಎನ್ನುತ್ತಾರೆ. ಬಡಗಿಯ ಮಾತು ಹಿಡಿದು ಮಗಳ ಅನ್ನಕ್ಕೆ ಕಲ್ಲು ಹಾಕಿದೆನಲ್ಲಾ ಎಂದು ದಿನಕ್ಕೆ ನಾಲ್ಕು ಸಲ ತಮ್ಮನ್ನೇ ಬೈದುಕೊಂಡರು. ದೀಪಾವಳಿ ಬಂತು, ಹೋಯಿತು, ಬ್ರೌಸರ್ ಬರಲಿಲ್ಲ.

ಸಂಕ್ರಾಂತಿಗೆ ಎರಡು ದಿನವಿತ್ತು. ಹೆಂಡತಿ ವತ್ಸಲಾ ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದಾಗ ಮಗಳ ಫೋನ್ ಬಂತು.

"ಅಪ್ಪಾ, ವಿಂಡೋಸ್‌ಗೆ ಬಂತು! ಈಗಷ್ಟೇ ಬಿಟ್ರು. ಆಂಡ್ರಾಯ್ಡ್‌ಗೆ ಯಾವಾಗ ಅಂತ ಬಾಸ್ ಈಗ ನನ್ನನ್ನೇ ಕೇಳ್ತಿದ್ದಾರೆ!"

ಶ್ಯಾಮಸುಂದರ ಕುರ್ಚಿಯಲ್ಲಿ ಕುಸಿದು ಕೂತು ನಕ್ಕರು. ಎದೆಯ ಭಾರವೆಲ್ಲ ಇಳಿದು ಕಣ್ಣು ಒದ್ದೆಯಾಯಿತು. ಅಷ್ಟು ವರ್ಷ ಚಿಕ್ಕಬೈರಪ್ಪನನ್ನು ಕೇಳಿ ತಿಳಿದ ದಿನಾಂಕಗಳನ್ನೆಲ್ಲ ತಮ್ಮದೇ ಬುದ್ಧಿ ಎಂಬಂತೆ ಮೇಲಿನವರಿಗೆ ಒಪ್ಪಿಸಿದ್ದು ಆಗ ನೆನಪಾಯಿತು. ಲಗ್ಗೆರೆಯಲ್ಲಿರುವ ಅವನಿಗೆ ಫೋನ್ ಹಚ್ಚಿದರು.

"ನಿನ್ನ ಪೆಟ್ಟಿಗೆ ಹೇಳಿದ ಹೊತ್ತಿಗೇ ಹೊರಡ್ತು ಕಣಯ್ಯಾ."

"ಯಾವ ಪೆಟ್ಟಿಗೆ ಸಾ?"

"ಎಳ್ಳುಬೆಲ್ಲಕ್ಕೆ ಮನೆಗೆ ಬಾ, ಹೇಳ್ತೀನಿ. ಮೂವತ್ತೆರಡು ವರ್ಷದ್ದು ಹೇಳೋದಿದೆ."